ಕಾರು ನಿಲ್ಲಿಸುವವರನ್ನು ಹಿಡಿಯಿರಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಬೆಂಗಳೂರಿನ ನಿಮ್ಮ ಕ್ಷೇತ್ರದಲ್ಲಿ, ಮೇಲ್ಸೇತುವೆ ಪಕ್ಕದ ಸರ್ವಿಸ್ ರಸ್ತೆಗೆ ಅಂಟಿಕೊಂಡ ಕ್ರಾಸಿನಲ್ಲಿ ನಮ್ಮ ಮನೆ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಇದ್ದೇವೆ.

ಹೋದ ತಿಂಗಳು ಒಂದು ಸಂಜೆ ನನ್ನ ಮಗಳು ಟ್ಯೂಷನ್ ಮುಗಿಸಿ ಬರುತ್ತಿದ್ದಳು. ಎರಡನೇ ಪಿಯುಸಿ ಹುಡುಗಿ. ಕಾರೊಂದು ಪಕ್ಕಕ್ಕೆ ಬಂದು ನಿಧಾನವಾಯಿತು. ಗಾಜು ಇಳಿಸಿದವನು "ಎಷ್ಟು?" ಅಂತ ಕೇಳಿದ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಅರ್ಥವಾದ ಮೇಲೆ ಓಡಿ ಬಂದಳು. ಚಪ್ಪಲಿ ಕೂಡ ಬಿಡದೆ ಸೀದಾ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದು ನಿಂತಳು. ಅವತ್ತಿನಿಂದ ನಾನೋ ಅವಳಪ್ಪನೋ ಹೋಗಿ ಕರೆತರುತ್ತೇವೆ.

ಈ ರಸ್ತೆಯಲ್ಲಿ ಮೈ ಮಾರುವ ದಂಧೆ ನಡೆಯುತ್ತದೆ ಅಂತ ನಮ್ಮ ಬೀದಿಯವರೆಲ್ಲ ಸೇರಿ ನಿಮಗೆ ಮನವಿ ಕೊಟ್ಟಿದ್ದು ನೆನಪಿರಬಹುದು. "ಅಲ್ಲಿ ನಿಲ್ಲುವ ಹೆಂಗಸರನ್ನು ಓಡಿಸಿ" ಅಂತ ಬರೆದಿತ್ತು. ನಾನೂ ಸಹಿ ಹಾಕಿದ್ದೆ. ಪೊಲೀಸರು ಬಂದರು, ಏಳೆಂಟು ಹೆಂಗಸರನ್ನು ಜೀಪಿಗೆ ಹತ್ತಿಸಿದರು. ಮೂರು ದಿನ ರಸ್ತೆ ಖಾಲಿ ಇತ್ತು. ನಾಲ್ಕನೇ ದಿನ ಅದೇ ಜಾಗ, ಅದೇ ಕಾರುಗಳು.

ಆ ಹೆಂಗಸರಲ್ಲಿ ಒಬ್ಬರು ಬೆಳಿಗ್ಗೆ ನಮ್ಮ ಮೂಲೆಯ ಟೀ ಗಾಡಿಗೆ ಬರುತ್ತಾರೆ. ಧೈರ್ಯ ಮಾಡಿ ಮಾತಾಡಿಸಿದೆ. ಜೀಪು ಬಂದ ದಿನ ಅವರೂ ಸಿಕ್ಕಿಬಿದ್ದಿದ್ದರು. ದಂಡ ಕಟ್ಟಲು ದುಡ್ಡು ಕೊಟ್ಟವನು ಬ್ರೋಕರ್. ಆ ಸಾಲ ತೀರಿಸಲು ಮತ್ತೆ ಬೀದಿಗೆ ಬಂದು ನಿಂತರು, ಮೊದಲಿಗಿಂತ ಜಾಸ್ತಿ ಹೊತ್ತು. ಗಿರಾಕಿ ಕೊಟ್ಟಿದ್ದರಲ್ಲಿ ಲಾಡ್ಜಿನವನಿಗೆ ಒಂದು ಪಾಲು, ಬ್ರೋಕರಿಗೆ ಒಂದು ಪಾಲು. "ನಿಮ್ಮ ಮಗಳನ್ನ ಕೇಳಿದ್ರಂತಲ್ಲ, ಪಾಪ" ಅಂದರು ಆಮೇಲೆ. ಅದು ಅವರಿಗೆ ಹೇಗೆ ಗೊತ್ತಾಯಿತೋ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಕಾನೂನು ಓದಿದೆ ಸರ್. ಠಾಣೆಯಲ್ಲಿ ಐಟಿಪಿಎ ಅಂತಾರಲ್ಲ, ಅನೈತಿಕ ವ್ಯವಹಾರ ತಡೆ ಕಾಯ್ದೆ, 1956ರದ್ದು. ಮೈ ಮಾರಿಕೊಳ್ಳುವುದನ್ನೇ ಅದು ಅಪರಾಧ ಅನ್ನುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು 8ನೇ ಕಲಂನಲ್ಲಿ ತಪ್ಪು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ರಸ್ತೆಯಲ್ಲಿ ಬಳಕೆಯಾಗಿದ್ದು ಇದೊಂದೇ. ಆದರೆ 3ನೇ ಕಲಂ ದಂಧೆಯ ಜಾಗ ನಡೆಸುವವನಿಗೆ. 4ನೇ ಕಲಂ ಇನ್ನೊಬ್ಬರ ಈ ದುಡಿಮೆ ಮೇಲೆ ಬದುಕುವವನಿಗೆ. 18ನೇ ಕಲಂ ಪ್ರಕಾರ ಶಾಲೆ, ದೇವಸ್ಥಾನ, ಆಸ್ಪತ್ರೆಯಂಥ ಜಾಗದ 200 ಮೀಟರ್ ಒಳಗೆ ದಂಧೆ ನಡೆಯುವ ಕಟ್ಟಡಕ್ಕೆ ಮ್ಯಾಜಿಸ್ಟ್ರೇಟರು ನೋಟಿಸ್ ಕೊಟ್ಟು ಖಾಲಿ ಮಾಡಿಸಬಹುದು. ನಮ್ಮ ಲಾಡ್ಜಿನಿಂದ ಶಾಲೆಯ ಗೇಟಿಗೆ ನಾನೇ ಹೆಜ್ಜೆ ಎಣಿಸಿ ನಡೆದೆ. 140 ಹೆಜ್ಜೆ.

ಇನ್ನು ಕಾರಿನವನು. ದಾರಿಯಲ್ಲಿ ಹೋಗುವ ಹುಡುಗಿಯನ್ನು ಹಾಗೆ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಪ್ರಕಾರ ಲೈಂಗಿಕ ಕಿರುಕುಳ. ನನ್ನ ಮಗಳಿಗೆ ಹದಿನೆಂಟು ತುಂಬಿಲ್ಲ, ಹಾಗಾಗಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಕೂಡ ಬರುತ್ತದೆ. ಅವನ ಗಾಡಿ ನಂಬರ್ ಯಾರಾದರೂ ಬರೆದುಕೊಂಡರಾ? ರಸ್ತೆಯಲ್ಲಿ ಒಂದು ಕ್ಯಾಮೆರಾ ಕೂಡ ಇಲ್ಲ. ಮೇಲ್ಸೇತುವೆ ಕೆಳಗೆ ಆರು ಕಂಬಗಳಲ್ಲಿ ಎರಡರಲ್ಲಿ ಮಾತ್ರ ದೀಪ ಉರಿಯುತ್ತದೆ.

ಬರೀ ಓಡಿಸಿದರೆ ಏನಾಗುತ್ತದೆ ಅಂತ ಗೋವಾದ ಉದಾಹರಣೆ ನೋಡಿದೆ. 2004ರ ಜೂನ್‌ನಲ್ಲಿ ವಾಸ್ಕೋದ ಬೈನಾದಲ್ಲಿ ಈ ದಂಧೆ ನಡೆಯುತ್ತಿದ್ದ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳೂ ಇದ್ದರು. ದಂಧೆ ನಿಲ್ಲಲಿಲ್ಲ, ಚದುರಿತು ಅಷ್ಟೆ. ನಮ್ಮ ಬೀದಿಯಿಂದ ಓಡಿಸಿದರೆ ಪಕ್ಕದ ವಾರ್ಡಿನ ಯಾವುದೋ ತಾಯಿ ನಿಮಗೆ ಇಂಥದೇ ಪತ್ರ ಬರೆಯುತ್ತಾಳೆ.

ಆದ್ದರಿಂದ ನನ್ನ ಹಳೆಯ ಸಹಿಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಅದರ ಬದಲು ಕೇಳುವುದು ಇಷ್ಟು. ದೀಪ ಹಾಕಿಸಿ, ಇದಕ್ಕೆ ಒಂದು ವಾರ ಸಾಕು. ಸಂಜೆ ಆರರಿಂದ ಹನ್ನೊಂದರವರೆಗೆ ಮಹಿಳಾ ಪೊಲೀಸರೂ ಇರುವ ಗಸ್ತು ಕೊಡಿಸಿ. ಅವರು ಕಾರು ನಿಲ್ಲಿಸುವವರ ನಂಬರ್ ಬರೆಯಲಿ, ಲಾಡ್ಜಿನ ರಿಜಿಸ್ಟರ್ ನೋಡಲಿ. ಆ ಹೆಂಗಸರಿಗೆ ಬೈಯುವುದು, ಹೊಡೆಯುವುದು ಬೇಡ. 2022ರ ಮೇ 19ರಂದು ಸುಪ್ರೀಂ ಕೋರ್ಟೇ ಪೊಲೀಸರಿಗೆ ಇದನ್ನು ಹೇಳಿದೆ.

ಇನ್ನೊಂದು ವಿಷಯ. ಅದೇ ಕಾಯ್ದೆಯ 13ನೇ ಕಲಂನಲ್ಲಿ, ವಿಶೇಷ ಪೊಲೀಸ್ ಅಧಿಕಾರಿಗೆ ಸಲಹೆ ಕೊಡಲು ಆಯಾ ಪ್ರದೇಶದ ಐವರವರೆಗೆ ಸಮಾಜ ಸೇವಕರ ಸಮಿತಿ ಮಾಡಲು ಸರ್ಕಾರಕ್ಕೆ ಅವಕಾಶವಿದೆ. ಸಾಧ್ಯವಾದ ಕಡೆ ಮಹಿಳೆಯರೂ ಇರಬೇಕು ಅಂತಲೂ ಇದೆ. ನಮ್ಮ ಭಾಗಕ್ಕೆ ಅದನ್ನು ಮಾಡಿಸಿ. ಆ ಹೆಂಗಸರ ಜೊತೆ ಕೆಲಸ ಮಾಡುವ ಸಂಘಟನೆಯವರೂ ಅದರಲ್ಲಿರಲಿ. ಈ ಕಸುಬು ಬಿಡಬೇಕು ಅನ್ನುವವರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆ ಇದೆ. ಟೀ ಗಾಡಿಯ ಹತ್ತಿರ ಸಿಕ್ಕ ಅಕ್ಕ ಅದರ ಹೆಸರೇ ಕೇಳಿರಲಿಲ್ಲ. ಅರ್ಜಿ ತುಂಬಲು ನಾನು ಕೂರುತ್ತೇನೆ. ನಿಮ್ಮ ಕಚೇರಿಯಿಂದ ಒಬ್ಬರನ್ನು ಕಳಿಸಿಕೊಡಿ.

ಒಂದು ದಿನ ಸಂಜೆ ಏಳೂವರೆಗೆ ಬನ್ನಿ ಸರ್. ನಮ್ಮ ಮನೆಯಿಂದ ಟ್ಯೂಷನ್ ಕ್ಲಾಸಿನವರೆಗೆ ನಡೆದರೆ ಹನ್ನೆರಡು ನಿಮಿಷ. ನಾನು, ನನ್ನ ಮಗಳು ಜೊತೆಗೆ ಬರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ