ಆ 11 ದಿನಗಳ ಬಗ್ಗೆ, ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಮಲಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳೋಣ ಅಂತ ಮೂರು ಸಲ ನಿನ್ನ ಕೋಣೆಯ ಬಾಗಿಲವರೆಗೆ ಬಂದಿದ್ದೆ. ಮಾತು ಶುರು ಮಾಡಿದರೆ ನನ್ನ ದನಿ ಜೋರಾಗಿಬಿಡುತ್ತದೆ ಅನ್ನಿಸಿ ಮೂರು ಸಲವೂ ವಾಪಸು ಹೋದೆ.

ಮೊನ್ನೆ ನಿನ್ನ ಗೆಳತಿಯ ಅಮ್ಮ ಫೋನ್ ಮಾಡಿ ಅಳುತ್ತಾ ಎಲ್ಲ ಹೇಳಿದರು. ಯಾರದೋ ಮೈಗೆ ಅವಳ ಮುಖ ಅಂಟಿಸಿ, ಎಐ ಆ್ಯಪ್‌ನಲ್ಲಿ ಮಾಡಿದ ಫೋಟೊ ಒಂದು ಗ್ರೂಪಿನಿಂದ ಇನ್ನೊಂದು ಗ್ರೂಪಿಗೆ ಓಡಾಡಿತ್ತು. ಕೇಳುತ್ತಾ ನನ್ನ ಕೈಕಾಲು ತಣ್ಣಗಾದವು. ಇದು ನಿನಗೆ 11 ದಿನದಿಂದ ಗೊತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. "ನನಗ್ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. ನೀನು ತಲೆ ಎತ್ತದೆ, "ಹೇಳಿದ್ರೆ ನೀನು ಫೋನ್ ಕಿತ್ಕೋತಿದ್ದೆ ಅಮ್ಮ" ಅಂದುಬಿಟ್ಟೆ.

ಆ ಮಾತಿಗೆ ಆಗ ಸಿಟ್ಟು ಬಂತು. ರಾತ್ರಿ ಹಾಸಿಗೆಯಲ್ಲಿ ಹೊರಳಾಡುವಾಗ ಗೊತ್ತಾಯಿತು, ಆ ಪಾಠ ನಿನಗೆ ಕಲಿಸಿದವಳು ನಾನೇ.

ನೆನಪಿದೆಯಾ? ಎರಡು ವರ್ಷದ ಹಿಂದೆ, ನೀನು ಸೋಷಿಯಲ್ ಮೀಡಿಯಾ ಅಕೌಂಟ್ ತೆರೆದು ಇನ್ನೂ ಮೂರು ವಾರ ಆಗಿರಲಿಲ್ಲ. ಗುರುತು ಪರಿಚಯ ಇಲ್ಲದವನೊಬ್ಬ ನಿನಗೆ ಮೆಸೇಜು ಕಳಿಸಿದ್ದ. ನಿನ್ನ ವಯಸ್ಸು ಎಷ್ಟು, ಮನೆಯಲ್ಲಿ ಯಾರ್‍ಯಾರು ಇರ್ತಾರೆ, ಒಂದು ಫೋಟೊ ಕಳಿಸು ಅಂತೆಲ್ಲ ಕೇಳಿದ್ದ. ನೀನು ಉತ್ತರ ಕೊಡದೆ ನೇರವಾಗಿ ನನ್ನ ಹತ್ತಿರ ಬಂದು ತೋರಿಸಿದೆ. 13 ವರ್ಷದ ಹುಡುಗಿ ಅದಕ್ಕಿಂತ ಸರಿಯಾಗಿ ಇನ್ನೇನು ಮಾಡಬೇಕಿತ್ತು? ನಾನೇನು ಮಾಡಿದೆ? ಹೆದರಿ ಕಂಗಾಲಾಗಿ ಒಂದು ತಿಂಗಳು ಫೋನ್ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನಿಗೆ ಏನೂ ಆಗಲಿಲ್ಲ. ನಿನಗೆ ಮಾತ್ರ ಗೆಳತಿಯರ ಮಾತು, ಅವರ ನಗು, ಎಲ್ಲ ಒಂದು ತಿಂಗಳು ನಿಂತುಹೋಯಿತು.

ಅದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ, ಪುಟ್ಟಿ. "ಆದರೆ" ಅನ್ನುವ ಪದ ಸೇರಿಸದೆ ಕೇಳುತ್ತೇನೆ.

ಆ ಅಕೌಂಟ್ ತೆರೆಯಲು ಒಪ್ಪಿದ್ದೂ ನಾನೇ. 13 ತುಂಬಿದ ದಿನ ನೀನು ಓಡಿ ಬಂದು, "ಆ್ಯಪ್‌ನಲ್ಲೇ ಬರೆದಿದೆ ನೋಡಮ್ಮ, 13 ಆದ್ರೆ ಸಾಕು" ಅಂದೆ. ಮಕ್ಕಳ ಮನಸ್ಸು ಬಲ್ಲವರು ಯಾರೋ ಯೋಚಿಸಿ ಆ ಸಂಖ್ಯೆ ಇಟ್ಟಿರಬೇಕು ಅಂದುಕೊಂಡು ಹೂಂ ಅಂದೆ. ಆಮೇಲೆ ಓದಿ ತಿಳಿದುಕೊಂಡೆ. ಅದು ಅಮೆರಿಕದಲ್ಲಿ 1998ರಲ್ಲಿ ಆದ ಒಂದು ಕಾನೂನಿನಿಂದ ಬಂದದ್ದು. 13ಕ್ಕಿಂತ ಚಿಕ್ಕ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಕಂಪನಿಗಳು ಸಂಗ್ರಹಿಸಬಾರದು ಅನ್ನುವುದು ಆ ಕಾನೂನು. ಆಗ ಈ ಆ್ಯಪ್‌ಗಳು ಇರಲೇ ಇಲ್ಲ. 13 ವರ್ಷದ ಮಗು ಇದನ್ನೆಲ್ಲ ತಡೆದುಕೊಳ್ಳುತ್ತದೆಯೇ ಅಂತ ಆ ಸಂಖ್ಯೆ ಇಟ್ಟವರು ನೋಡಿರಲಿಲ್ಲ. ನಾನೂ ನೋಡಲಿಲ್ಲ.

ಆಸ್ಟ್ರೇಲಿಯಾದ ಸುದ್ದಿ ಬಂದಾಗ ನಮ್ಮಿಬ್ಬರ ಜಗಳ ನೆನಪಿರಬೇಕು. ಅಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರು ಸೋಷಿಯಲ್ ಮೀಡಿಯಾ ಅಕೌಂಟ್ ಇಟ್ಟುಕೊಳ್ಳುವಂತಿಲ್ಲ. "ಎಲ್ಲ ಕಡೆ ಹೀಗೆ ಮಾಡಬೇಕು" ಅಂತ ನಾನು ಅಂದೆ, ನೀನು ಎದ್ದು ಹೋದೆ. ಆ ಕಾನೂನಿನಲ್ಲಿ ನಾನು ಗಮನಿಸದೇ ಬಿಟ್ಟ ಒಂದು ಅಂಶ ಇದೆ. ಅಕೌಂಟ್ ಇಟ್ಟುಕೊಂಡ ಮಗುವಿಗೆ ಅದರಲ್ಲಿ ಯಾವ ಶಿಕ್ಷೆಯೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ದಂಡ ಬೀಳುವುದು ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ನಿಷೇಧ ಸರಿಯೋ ತಪ್ಪೋ ಅಂತ ನಾವು ಇನ್ನೂ ಜಗಳ ಆಡೋಣ. ಆದರೆ ತಪ್ಪು ಯಾರದು, ಬೆಲೆ ಯಾರು ತೆರಬೇಕು ಅನ್ನುವುದನ್ನು ಅವರು ಯೋಚಿಸಿದ್ದಾರೆ. ಅವತ್ತು ನಾನು ಯೋಚಿಸಿರಲಿಲ್ಲ.

ಹಾಗಾಗಿ ಇವತ್ತು ನಿನಗೆ ಒಂದು ಮಾತು ಕೊಡುತ್ತಿದ್ದೇನೆ. ನೀನಾಗಿ ಬಂದು ಹೇಳಿದ ಯಾವ ವಿಷಯಕ್ಕೂ ನಿನ್ನ ಫೋನ್ ತೆಗೆದುಕೊಳ್ಳುವುದಿಲ್ಲ. ನೀನೇ ತಪ್ಪು ಮಾಡಿದ್ದರೂ ಅಷ್ಟೇ. ಯಾರಿಗೋ ಕಳಿಸಬಾರದ ಫೋಟೊ ಕಳಿಸಿರಬಹುದು, ಯಾರನ್ನೋ ಗೇಲಿ ಮಾಡಿ ಕಾಮೆಂಟ್ ಹಾಕಿರಬಹುದು. ಬಂದು ಹೇಳು. ನನ್ನ ಮುಖ ಸಣ್ಣದಾಗಬಹುದು, ಸ್ವಲ್ಪ ಹೊತ್ತು ಮಾತೇ ಹೊರಡದಿರಬಹುದು. ಸುಮ್ನೆ ಪಕ್ಕದಲ್ಲಿ ಕೂತಿರು. ಆಮೇಲೆ ಇಬ್ಬರೂ ಸೇರಿ ಮುಂದೇನು ಅಂತ ನೋಡೋಣ.

ನಿನ್ನ ಮೆಸೇಜುಗಳನ್ನು ಕದ್ದು ಓದುವುದಿಲ್ಲ. ನಿನಗೆ ಏನೋ ಅಪಾಯ ಇದೆ ಅಂತ ಹೆದರಿಕೆಯಾದರೆ ನಿನ್ನ ಎದುರೇ ಕೇಳಿ ನೋಡುತ್ತೇನೆ.

ಈಗ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ, ನಿಧಾನವಾಗಿ ಓದು. ಫೋಟೊ ಇಟ್ಟುಕೊಂಡು ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡ, ಇನ್ನೊಂದು ಫೋಟೊವನ್ನೂ ಕಳಿಸಬೇಡ. ಒಂದು ಸಲ ಕೊಟ್ಟರೆ ಅವರು ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡಬೇಡ. ಬೆದರಿಕೆಯ ಮಾತು, ಅಕೌಂಟಿನ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡು. ಆ ಫೋಟೊವನ್ನು ಮಾತ್ರ ಯಾರಿಗೂ ಕಳಿಸಬಾರದು. "ನೋಡು, ಎಂಥ ಅನ್ಯಾಯ ಮಾಡಿದ್ದಾರೆ" ಅಂತ ತೋರಿಸಲಿಕ್ಕೂ ಬೇಡ. ನಿನ್ನ ಗೆಳತಿಯ ಫೋಟೊ ಹಾಗೆಯೇ ಅಲ್ವಾ ಅಷ್ಟು ಜನಕ್ಕೆ ತಲುಪಿದ್ದು? ಅರ್ಧದಷ್ಟು ಜನ ಮರುಕದಿಂದಲೇ ಕಳಿಸಿರಬೇಕು.

'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಅಮೆರಿಕದಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ ಅದನ್ನು ನಡೆಸುತ್ತದೆ. 18 ತುಂಬುವ ಮೊದಲಿನ ಬೆತ್ತಲೆ, ಅರೆಬೆತ್ತಲೆ ಫೋಟೊ ಹರಡಿದ್ದರೆ, ಅಥವಾ ಹರಡುತ್ತದೆ ಅನ್ನುವ ಭಯವಿದ್ದರೆ ಹೆಸರು ಹೇಳದೆಯೇ ಬಳಸಬಹುದು. ಫೋಟೊವನ್ನು ಅವರಿಗೆ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದಕ್ಕೆ ಬೆರಳಚ್ಚಿನಂಥ ಒಂದು ಗುರುತು ತಯಾರಾಗುತ್ತದೆ, ಹೋಗುವುದು ಆ ಗುರುತು ಮಾತ್ರ. ಸೇವೆಗೆ ಸೇರಿಕೊಂಡಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಫೋಟೊ ಹುಡುಕಿ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಕಂಪನಿಯೂ ನೋಡಲಾಗದ ಚಾಟ್‌ಗಳ ಒಳಗೆ ಇದು ನಡೆಯುವುದಿಲ್ಲ. ಅಲ್ಲಿ ನಮ್ಮ ನಿಮ್ಮಂಥವರೇ ಫಾರ್ವರ್ಡ್ ಮಾಡದೆ ನಿಲ್ಲಿಸಬೇಕು. ಹರಡಿದವರ ಮೇಲೆ ದೂರು ಕೊಡುವ ಕೆಲಸ ದೊಡ್ಡವರದು, ಅದನ್ನು ನಮಗೆ ಬಿಡು.

ಒಂದು ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ರಾತ್ರಿ ಮಲಗುವಾಗ ಫೋನ್ ಕೋಣೆಯ ಹೊರಗೆ. ಇದು ಶಿಕ್ಷೆ ಅಂತ ಅಂದುಕೊಳ್ಳಬೇಡ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ, ಅದು ನಿನ್ನ ಸೋಮಾರಿತನ ಅಲ್ಲ. ಹಾಗೆ ತಡವಾಗುವ ಹೊತ್ತಿಗೇ ಕೈಯಲ್ಲಿ ಕೊನೆಯೇ ಇಲ್ಲದ ವಿಡಿಯೊಗಳ ಸಾಲು. ಅದಕ್ಕೆ ಕೊನೆ ಇಲ್ಲದ ಹಾಗೆ ಮಾಡಿದ್ದು ಬೇಕಂತಲೇ. ಪುಟ ಮುಗಿಯದೆ ತಾನಾಗಿ ಮುಂದುವರಿಯುವ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್, ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ನಿಲ್ಲಿಸಲು ಆಗದಿದ್ದಾಗ "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಡುರಾತ್ರಿ ನನಗೂ ಆಗುವುದಿಲ್ಲ. ಇವತ್ತಿನಿಂದ ನನ್ನ ಫೋನೂ ಹೊರಗೇ ಇರುತ್ತದೆ, ಹಾಲ್‌ನಲ್ಲಿ, ನಿನ್ನದರ ಪಕ್ಕದಲ್ಲಿ.

ನಿನ್ನ ಫೋನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈ 11 ದಿನವೂ ರಾತ್ರಿ ನಿನ್ನ ಗೆಳತಿ ಅಳುವಾಗ ಅವಳ ಜೊತೆ ಮಾತಾಡುತ್ತಾ ಇದ್ದವಳು ನೀನೊಬ್ಬಳೇ ಅಂತ ಅವಳ ಅಮ್ಮ ಹೇಳಿದರು. ಅದೇ ಫೋನಿನಲ್ಲಿ. ಅದು ಗೊತ್ತಿಲ್ಲದೆ ನಾನು ಬಾಗಿಲು ಬಡಿದು, "ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ?" ಅಂತ ಕೂಗಿದೆ. ಅಷ್ಟು ಭಾರವನ್ನು ಒಬ್ಬಳೇ ಹೊತ್ತೆಯಲ್ಲೇ.

ನಾಳೆ ಅವಳನ್ನು ನೋಡಲು ಹೋಗೋಣ ಅಂತ ಇದ್ದೇನೆ. ಅವಳಿಗೆ ನಾನು ಬರುವುದು ಇಷ್ಟವೋ ಇಲ್ಲವೋ ಗೊತ್ತಿಲ್ಲ, ಎದ್ದ ತಕ್ಷಣ ನೀನೇ ಕೇಳು. ಬೇಡ ಅಂದರೆ ನಿನ್ನನ್ನು ಬಾಗಿಲವರೆಗೆ ಬಿಟ್ಟು ನಾನು ಹೊರಗೆ ಕಾಯುತ್ತೇನೆ. ನಿನ್ನ ಫೋನ್ ಚಾರ್ಜ್‌ಗೆ ಹಾಕಿಟ್ಟಿದ್ದೇನೆ.

ನಿನ್ನ
ಅಮ್ಮ