ವವೋ ಮನೆಯ ಮಲಸಾದ

"ಅಮ್ಮಾ, ಇವರು ಬನ್ಸ್ ಮೇಲೆ ಯಾಕೆ ಸಕ್ಕರೆ ಹಾಕಿದ್ದಾರೆ?" ಎಂದು ಮಗ ಕೇಳಿದ್ದು ಫೆಬ್ರವರಿ 17ರ ಮಂಗಳವಾರ, ಅಮೆರಿಕದ ಫಾಲ್ ರಿವರ್‌ನ ನಮ್ಮ ಪಕ್ಕದ ಮನೆಯಲ್ಲಿ. ಮರುದಿನ ಕ್ರೈಸ್ತರ ವಿಭೂತಿ ಬುಧವಾರ. ಅಂದಿನಿಂದ ಉಪವಾಸದ ತಪಸ್ಸುಕಾಲ. ಅದು ಶುರುವಾಗುವ ಮುಂಚೆ ಮನೆಯಲ್ಲಿದ್ದ ಕೊಬ್ಬು, ಮೊಟ್ಟೆ, ಸಕ್ಕರೆಯನ್ನೆಲ್ಲ ಬಳಸಿ ಮುಗಿಸಲು ಮಲಸಾದ ಎಂಬ ಈ ಬನ್ಸ್‌ನಂಥ ಸಿಹಿತಿಂಡಿ ಕರಿಯುವುದು ಪೋರ್ಚುಗೀಸರ ಅಸೋರ್ಸ್, ಮಡೇರ ದ್ವೀಪಗಳ ಹಳೆಯ ಪದ್ಧತಿ. 1878ರಿಂದ ಕಬ್ಬಿನ ತೋಟದ ಕೆಲಸಕ್ಕೆ ಹವಾಯಿಗೆ ಹೋದವರು ಅದನ್ನು ಅಲ್ಲಿಗೂ ಒಯ್ದರು. ನಮ್ಮ ಊರಿಗೆ ಅದನ್ನು ತಂದವರು ಬಟ್ಟೆ ಗಿರಣಿಗಳಿಗೆ ಬಂದವರು.

ಆ ಮನೆಯ ಅಜ್ಜಿಯನ್ನು ಬೀದಿಯವರೆಲ್ಲ ವವೋ ಎನ್ನುತ್ತಾರೆ. ಅಸೋರ್ಸ್‌ನ ಸಾವೊ ಮಿಗೆಲ್ ದ್ವೀಪದವರು. 1965ರ ಅಮೆರಿಕದ ವಲಸೆ ಕಾನೂನು ಬಂದಮೇಲೆ ಅಣ್ಣನ ಹಿಂದೆ ಬಂದವರಂತೆ. ನಮ್ಮ ಕನ್ನಡ ಕೂಟದ ಹಿರಿಯರಿಗೂ ಬಾಗಿಲು ತೆರೆದದ್ದು ಅದೇ ಕಾನೂನು.

ನಾವು ಹೋಗುವಷ್ಟರಲ್ಲಿ ಹಿಟ್ಟು ಕಂಬಳಿ ಹೊದ್ದು ಮಲಗಿತ್ತು. ಅರ್ಧ ಕಿಲೋ ಮೈದಾಕ್ಕೆ ನಾಲ್ಕು ಮೊಟ್ಟೆ, ಮುಕ್ಕಾಲು ಲೋಟ ಉಗುರುಬೆಚ್ಚಗಿನ ಹಾಲು, 50 ಗ್ರಾಂ ಬೆಣ್ಣೆ, ಅಷ್ಟೇ ಸಕ್ಕರೆ, 7 ಗ್ರಾಂ ಒಣ ಯೀಸ್ಟು, ಚಿಟಿಕೆ ಉಪ್ಪು, ಒಂದು ನಿಂಬೆಯ ಸಿಪ್ಪೆಯ ತುರಿ. ಬಿಳಿ ಭಾಗ ತುರಿದರೆ ಕಹಿಯಾಗುತ್ತದೆ, ಹಳದಿ ಮಾತ್ರ ಸಾಕು. ಹಿಟ್ಟು ಕೈಗೆ ಅಂಟುತ್ತದೆ, ಅಂಟಲೇಬೇಕು. ನಾನು ಮೈದಾ ಡಬ್ಬಿಗೆ ಕೈ ಹಾಕಿದ್ದೇ ತಡ, ವವೋ ನನ್ನ ಮಣಿಕಟ್ಟು ಹಿಡಿದರು. ಮತ್ತೆ ಮೈದಾ ಸೇರಿಸಿದರೆ ಗಟ್ಟಿಯಾಗುತ್ತದೆ. ಬೆರಳನ್ನು ಹಾಲಿನಲ್ಲಿ ಅದ್ದಿಕೊಳ್ಳಬೇಕು, ಅಷ್ಟೇ. ಹಿಟ್ಟು ಎರಡರಷ್ಟು ಉಬ್ಬುವವರೆಗೆ ಕಾಯಬೇಕು. ಚಳಿಗಾಲದಲ್ಲಿ ಇಡ್ಲಿ ಹಿಟ್ಟನ್ನು ಓವನ್ ಒಳಗೆ ದೀಪ ಹಾಕಿ ಇಡುವ ನಮಗೆ ಈ ಕಾಯುವಿಕೆ ಹೊಸದಲ್ಲ.

ಆಮೇಲೆ ನಿಂಬೆ ಗಾತ್ರದ ಉಂಡೆ ಕಿತ್ತು, ನಡುವಿನಿಂದ ಅಂಚಿಗೆ ಎಳೆಯುತ್ತಾರೆ. ನಡುಭಾಗ ಬೆಳಕು ಕಾಣುವಷ್ಟು ತೆಳ್ಳಗೆ, ಅಂಚು ದಪ್ಪ. ಎಣ್ಣೆ ಹದವಾಗಿ ಕಾದಿರಬೇಕು: ಹೆಚ್ಚು ಕಾದರೆ ಹೊರಗೆ ಕಂದು, ಅಂಚಿನೊಳಗೆ ಹಸಿ, ಕಾಯದಿದ್ದರೆ ಎಣ್ಣೆ ಕುಡಿಯುತ್ತದೆ. ಎರಡೂ ಬದಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೆದು, ಬಿಸಿ ಇರುವಾಗಲೇ ಸಕ್ಕರೆಯಲ್ಲಿ ಹೊರಳಿಸಬೇಕು. ನಡುಭಾಗ ಕರುಂ ಎನ್ನುತ್ತದೆ, ಅಂಚು ಹತ್ತಿಯಂತೆ ಮೆತ್ತಗೆ. ಒಂದು ಹಿಡಿದುಕೊಂಡು ನಿಂತಾಗ ನನಗೆ ಉಡುಪಿಯ ನಮ್ಮಮ್ಮನ ಬಾಣಲೆ ನೆನಪಾಗದೆ ಇದ್ದೀತೇ? ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆಲ್ಲ ಆ ಮನೆಯಲ್ಲಿ ಅತ್ತೆ, ನಾದಿನಿ, ಮಕ್ಕಳು ಸೇರಿ ಕರಿಯುತ್ತಿದ್ದರಂತೆ. ಈಗ ಮೊಮ್ಮಕ್ಕಳು ಬೇಕರಿಯಿಂದ ತರುತ್ತಾರೆ. ಈ ಸಲ ಪಕ್ಕದಲ್ಲಿ ನಿಂತದ್ದು ನಾನು ಮತ್ತು ನನ್ನ ಮಗ. ಹಿಟ್ಟು ಎಳೆಯುವ ಆ ಹದ ಬರೆದಿಟ್ಟರೆ ಬರುವಂಥದ್ದಲ್ಲ, ಪಕ್ಕದಲ್ಲಿ ನಿಂತು ಕಲಿಯಬೇಕು. ನಮ್ಮ ಹೋಳಿಗೆಯೂ ಹಾಗೇ. ಕಳೆದ ವರ್ಷ ಕೂಟದ ಹೋಳಿಗೆ ತಟ್ಟಿದವರಲ್ಲಿ ಒಬ್ಬರೂ ಅರವತ್ತರ ಕೆಳಗಿನವರಿರಲಿಲ್ಲ. ನನಗೆ ಇದು ನಿಜಕ್ಕೂ ಚಿಂತೆಯ ವಿಷಯ.

ಇನ್ನು ಸೂಚನೆಗಳು. ಯುಗಾದಿ ಮಾರ್ಚ್ 19, ಗುರುವಾರ. ಕೂಟದ ಕಾರ್ಯಕ್ರಮ 21ರ ಶನಿವಾರ ಸಂಜೆ. ಮಕ್ಕಳ ನಾಟಕದ ತಾಲೀಮು ಪ್ರತಿ ಭಾನುವಾರ, ದಯವಿಟ್ಟು ತಪ್ಪಿಸಬೇಡಿ. ಕನ್ನಡ ಕಲಿ ತರಗತಿಗೆ ಹೆಸರು ಕೊಡುವುದು ಈ ತಿಂಗಳ ಕೊನೆಯವರೆಗೆ ಮಾತ್ರ. ಊಟಕ್ಕೆ ಎಷ್ಟು ಜನ ಎಂದು ಮೊದಲೇ ತಿಳಿಸಿದರೆ ಅಡುಗೆಯವರಿಗೆ ಉಪಕಾರ. ಮುಂದಿನ ಸಂಚಿಕೆಯ ಕರಡು ತಿದ್ದಲು ಒಬ್ಬರು ಬೇಕು. ಪುಟ ಜೋಡಿಸುವುದು, ತಿದ್ದುವುದು ಎರಡೂ ಒಬ್ಬಳಿಂದ ಆಗುತ್ತಿಲ್ಲ, ಯಾರಾದರೂ ಬನ್ನಿ. ಹೋಳಿಗೆ ಕೆಲಸ ಶುಕ್ರವಾರ ಸಂಜೆ ಆರಕ್ಕೆ ಶುರು. ಹೂರಣ ಹಿರಿಯರು ಮಾಡಿಟ್ಟಿರುತ್ತಾರೆ. ತಟ್ಟಲು ಬಾರದವರೇ ಮೊದಲು ಬನ್ನಿ, ಮಕ್ಕಳನ್ನೂ ಕರೆತನ್ನಿ.