ಡಾಲ್ಫಿನ್ ಬೆನ್ನಟ್ಟೋ ಬೋಟುಗಳಿಗೆ ಲಗಾಮು ಬೇಕು

ಸಂಪಾದಕರಿಗೆ ನಮಸ್ಕಾರ,

ಕರಾವಳಿ ಟೂರಿಸಂ ಬೆಳೀಬೇಕು ಅಂತ ಈಗ ಎಲ್ಲರೂ ಹೇಳ್ತಿದಾರೆ, ನನ್ನ ಆಸೆನೂ ಅದೇ. ಆದ್ರೆ ನಮ್ಮ ಉತ್ತರ ಕನ್ನಡದಲ್ಲಿ ಡಾಲ್ಫಿನ್ ತೋರಿಸೋ ಬೋಟು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹುಟ್ಟು ಹಾಕ್ಕೊಂಡು ಚಿಕ್ಕ ದೋಣಿಯಲ್ಲಿ ಹೋಗೋ ಕಯಾಕಿಂಗ್ ಇವೆರಡಕ್ಕೂ ಸ್ಪಷ್ಟವಾದ ನಿಯಮ ಬೇಕು, ಅದನ್ನ ನಿಂತು ನೋಡ್ಕೊಳ್ಳೋ ಜನಾನೂ ಬೇಕು.

ಇತ್ತೀಚೆಗೆ ಮನೆಗೆ ಬಂದ ನೆಂಟರನ್ನ ಕರ್ಕೊಂಡು ಡಾಲ್ಫಿನ್ ನೋಡೋಕೆ ಹೋಗಿದ್ವಿ. ದೂರದಲ್ಲಿ ಬೆನ್ನಿನ ರೆಕ್ಕೆ ಕಂಡಿದ್ದೇ ತಡ, ಬೋಟಿನೋರು ಇಂಜಿನ್ ಜೋರು ಮಾಡಿ ಸೀದಾ ಅದರ ದಾರಿಗೇ ಅಡ್ಡ ತಿರುಗಿಸಿದ್ರು, ಆ ಕಡೆಯಿಂದ ಇನ್ನೆರಡು ಬೋಟು ಬಂದ್ವು. ಗುಂಪಲ್ಲಿ ಒಂದು ಮರಿ ಇತ್ತು, ತಾಯಿಗೆ ಅಂಟ್ಕೊಂಡೇ ಮೇಲೆ ಬಂದು ಪುಸ್ ಅಂತ ಉಸಿರು ಬಿಟ್ಟು ಒಳಗೆ ಹೋಯ್ತು, ಮತ್ತೆ ಎದ್ದಿದ್ದು ಎಷ್ಟೋ ದೂರದಲ್ಲಿ, ಬೋಟುಗಳು ಮತ್ತೆ ಅಲ್ಲಿಗೇ ಓಡಿದ್ವು. ಬೋಟಿನೋರನ್ನಷ್ಟೇ ದೂರಿ ಪ್ರಯೋಜನ ಇಲ್ಲ, ಹತ್ರದಿಂದ ತೋರಿಸ್ದೆ ಇದ್ರೆ ದುಡ್ಡು ವಾಪಸ್ ಕೊಡಿ ಅಂತ ಜಗಳಕ್ಕೆ ನಿಲ್ಲೋ ಗಿರಾಕಿಗಳು ನಮ್ಮಲ್ಲೇ ಇದಾರಲ್ಲ.

ನಮ್ಮ ದಡದ ಹತ್ರ ಕಾಣೋ ಈ ಗೂನುಬೆನ್ನಿನ ಡಾಲ್ಫಿನ್ ಅಳಿವಿನಂಚಿನ ಪಟ್ಟಿಯಲ್ಲಿರೋ ಪ್ರಾಣಿ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲೂ ಇದೆ, ಅಂದ್ರೆ ಹುಲಿಗೆ ಇರೋ ರಕ್ಷಣೆನೇ ಇದಕ್ಕೂ. ನಾಗರಹೊಳೆಯಲ್ಲಿ ಮೂರು ಜೀಪು ಸೇರಿ ಮರಿಯಿರೋ ಹುಲೀನ ಅಟ್ಟಿಸ್ಕೊಂಡು ಹೋದ್ರೆ ಸುಮ್ನೆ ಇರ್ತೀವಾ? ಈ ಡಾಲ್ಫಿನ್ ಆಳ ನೀರಿಗೆ ಹೋಗಿ ಬದುಕೋ ಜಾತಿನೂ ಅಲ್ಲ, ನದಿ ಸಮುದ್ರ ಸೇರೋ ಅಳಿವೆ ಬಾಯಿ ಮತ್ತು ದಡದ ಹತ್ತಿರದ ನೀರೇ ಅದರ ಮನೆ. ದಾರಿ ಹುಡ್ಕೋದು, ಮೀನು ಹಿಡಿಯೋದು, ಮರೀನ ಕರೆಯೋದು ಎಲ್ಲ ಶಬ್ದದಿಂದಾನೇ, ಇಂಜಿನ್ ಗದ್ದಲದಲ್ಲಿ ಅದೆಲ್ಲ ಮುಚ್ಚಿಹೋಗುತ್ತೆ.

ಇದನ್ನ ಸರಿಯಾಗಿ ಮಾಡೋಕಾಗುತ್ತೆ ಅನ್ನೋದಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಸಾಕ್ಷಿ. ಅಲ್ಲಿನ ಸಾನ್ ಇಗ್ನಾಸಿಯೋ ಹಿನ್ನೀರಿಗೆ ಬೂದು ತಿಮಿಂಗಿಲಗಳು ಚಳಿಗಾಲದಲ್ಲಿ ಆರ್ಕ್‌ಟಿಕ್ ಕಡೆಯಿಂದ ಸಾವಿರಾರು ಕಿಲೋಮೀಟರ್ ಈಜ್ಕೊಂಡು ಬಂದು ಮರಿ ಹಾಕ್ತವೆ. 19ನೇ ಶತಮಾನದಲ್ಲಿ ಇದೇ ಹಿನ್ನೀರುಗಳಿಗೆ ನುಗ್ಗಿ ಅವನ್ನ ಕೊಂದು ಹೆಚ್ಚುಕಮ್ಮಿ ಮುಗಿಸೇಬಿಟ್ಟಿದ್ರು. ಈಗ ಅಲ್ಲಿನ ಮೀನುಗಾರರೇ ಸೀಸನ್ನಲ್ಲಿ ಚಿಕ್ಕ ದೋಣಿಯಲ್ಲಿ ಜನರನ್ನ ಕರ್ಕೊಂಡು ಹೋಗ್ತಾರೆ, ಒಂದು ಸಲಕ್ಕೆ ಇಂತಿಷ್ಟೇ ದೋಣಿ ಅಂತ ಮಿತಿ ಇದೆ, ಬೆನ್ನಟ್ಟೋ ಹಾಗಿಲ್ಲ, ಇಂಜಿನ್ ನಿಧಾನ ಮಾಡಿ ನಿಂತ್ಕೋಬೇಕು, ಹತ್ರ ಬರೋದು ಬಿಡೋದು ತಿಮಿಂಗಿಲದ ಇಷ್ಟ. ಆಶ್ಚರ್ಯ ಅಂದ್ರೆ ಹಾಗೆ ನಿಂತ್ರೇನೇ ಅವು ಮರಿ ಸಮೇತ ದೋಣಿ ಪಕ್ಕಕ್ಕೆ ಬರ್ತವೆ! ತಿಮಿಂಗಿಲ ನೋಡೋಕೆ ಕಯಾಕ್ ಬಳಸೋ ಹಾಗಿಲ್ಲ, ಕಯಾಕ್ ಏನಿದ್ರೂ ಪಕ್ಕದ ಮ್ಯಾಂಗ್ರೋವ್ ಕಾಲುವೆಗಳಿಗೆ. ಸದ್ದಿಲ್ದೆ ಹತ್ರ ಬಂದ್ರೆ ಅಷ್ಟು ದೊಡ್ಡ ಪ್ರಾಣಿನೂ ಬೆಚ್ಚಿಬೀಳಬಹುದು, ಆಗ ಅಪಾಯ ಎರಡೂ ಕಡೆಗೆ. ಅದೇ ಜಾಗದಲ್ಲಿ ಭಾರೀ ಉಪ್ಪಿನ ಘಟಕ ಮಾಡ್ಬೇಕು ಅಂತ ಮಿತ್ಸುಬಿಷಿ ಕಂಪನಿ ಮತ್ತು ಅಲ್ಲಿನ ಸರ್ಕಾರ ಹೊರಟಿದ್ದು, ಜನರ ವಿರೋಧಕ್ಕೆ 2000ದಲ್ಲಿ ಕೈಬಿಡ್ಬೇಕಾಯ್ತು. ಇತ್ತ ಪಕ್ಕದ ಶ್ರೀಲಂಕಾದ ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲದ ಸುತ್ತ ಬೋಟುಗಳು ಮುಗಿಬೀಳೋದು ದೊಡ್ಡ ತಕರಾರೇ ಆಗಿದೆ, ನಾವು ಯಾವ ದಾರಿ ಹಿಡೀಬೇಕು ಅಂತ ಈಗ್ಲೇ ಯೋಚಿಸಬೇಕು.

ಕಾಂಡ್ಲಾ ವಿಷ್ಯಕ್ಕೆ ಬಂದ್ರೆ, ಶರಾವತಿ, ಅಘನಾಶಿನಿ, ಕಾಳಿ ಅಳಿವೆಗಳಲ್ಲಿ ಕಯಾಕ್‌ಗೆ ನನ್ನ ಪೂರ್ತಿ ಬೆಂಬಲ ಇದೆ, ಇಂಜಿನ್ ಇಲ್ಲ, ಹೊಗೆ ಇಲ್ಲ. ಆದ್ರೆ ಇಳಿತದ ಹೊತ್ತಲ್ಲಿ ಹೋದ್ರೆ ಕಯಾಕ್ ಕೆಸರಿಗೆ ಸಿಕ್ಕಿಕೊಳ್ಳುತ್ತೆ, ಜನ ಕೆಳಗಿಳಿದು ತಳ್ತಾರೆ, ಕೆಸರಿಂದ ಪೆನ್ಸಿಲ್ ಥರ ಮೇಲೆದ್ದಿರೋ ಉಸಿರುಬೇರುಗಳು ಕಾಲಡಿಗೆ ಮುರೀತವೆ. ಮರದಲ್ಲೇ ಮೊಳೆತು ಉದ್ದಕ್ಕೆ ನೇತಾಡೋ ಕಾಂಡ್ಲಾ ಕೋಡನ್ನ ಫೋಟೋಗೋಸ್ಕರ ಕಿತ್ತು ಎಸೆಯೋರನ್ನೂ ನೋಡಿದೀನಿ, ಕೆಸರಿಗೆ ಬಿದ್ದು ಬೇರು ಬಿಡಬೇಕಾದ ಸಸಿ ಅದು. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆ ರಾಮ್ಸಾರ್ ತಾಣ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ 2024ರಲ್ಲಿ ಘೋಷಣೆ ಆಗಿದೆ, ಬಳಚು (ಚಿಪ್ಪುಜೀವಿ) ಆಯೋ ಹೆಂಗಸರು, ಗಜನಿ ಅನ್ನೋ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯೋರು ಎಲ್ಲರೂ ಅದನ್ನೇ ನಂಬ್ಕೊಂಡಿದಾರೆ. ಅವರನ್ನ ಕೇಳದೆ ಹೊರಗಿನ ಕಂಪನಿಗೆ ಜೆಟ್ಟಿ ಕೊಟ್ರೆ ನ್ಯಾಯ ಅಲ್ಲ.

ಅರಣ್ಯ, ಪ್ರವಾಸೋದ್ಯಮ ಮತ್ತು ಮೀನುಗಾರಿಕೆ ಇಲಾಖೆಗಳು ಒಟ್ಟಿಗೆ ಕೂತು ಬೋಟುಗಳಿಗೆ ವೇಗದ ಮಿತಿ, ದೂರದ ಮಿತಿ, ಒಂದು ಗುಂಪಿನ ಹತ್ರ ಒಂದೇ ಬೋಟು, ಮರಿ ಕಂಡ್ರೆ ವಾಪಸ್ ಅನ್ನೋ ನಿಯಮ ತರ್ಲಿ, ಕಯಾಕ್‌ಗೆ ಉಬ್ಬರದ ಸಮಯ ಮಾತ್ರ ಕೊಡ್ಲಿ. ಊರಿನ ಮೀನುಗಾರರಿಗೇ ತರಬೇತಿ ಕೊಟ್ಟು ಲೈಸೆನ್ಸ್ ಮೊದಲು ಅವರಿಗೇ ಸಿಗ್ಲಿ. ಡಾಲ್ಫಿನ್ ಕಾಣ್ದೆ ಇದ್ರೂ ದುಡ್ಡು ವಾಪಸ್ ಇಲ್ಲ ಅಂತ ಟಿಕೆಟ್ ಮೇಲೇನೇ ಪ್ರಿಂಟ್ ಮಾಡ್ಲಿ, ಆಗ ಬೋಟಿನೋರ ಮೇಲೆ ಬೆನ್ನಟ್ಟೋ ಒತ್ತಡನೂ ಇರಲ್ಲ. ಮಳೆಗಾಲ ಕಳೆದು ಪ್ರವಾಸಿ ಬೋಟುಗಳು ನೀರಿಗಿಳಿಯೋ ಮುಂಚೆ ಜಿಲ್ಲಾಡಳಿತ ಈ ಸಭೆ ಕರೀಲಿ.

ಇಂತಿ,
ಒಬ್ಬ ಓದುಗ, ಕುಮಟಾ